ಸಾತಲಿಂಗಪ್ಪನವರ ಹಾಲುಬಣ್ಣದ ಅಕ್ಷರಗಳು

ಸೊಲ್ಲಾಪುರದ ಟವೆಲ್ ವ್ಯಾಪಾರಿ ಸಾತಲಿಂಗಪ್ಪನವರಿಗೆ ಈ ಜಗತ್ತಿನ ಮೇಲೆ ಒಂದೇ ಒಂದು ತಕರಾರು: ಜನರಿಗೆ ರುಚಿ ಇಲ್ಲ. ಹಸಿರು ಟವೆಲಿಗೆ ಕೆಂಪು ಅಂಚು, ಹಳದಿಯ ಮೇಲೆ ನೇರಳೆ ಹೂವು, ಇಂಥವನ್ನೇ ಮುಗಿಬಿದ್ದು ಒಯ್ಯುತ್ತಾರೆ. ಖಾನದಾನಿ ಮಾಲೆಂದರೆ ಅವರ ಪ್ರಕಾರ ಸೆಲ್ಫ್ ಡಿಸೈನ್. ಬಿಳಿ ನೆಲದಲ್ಲಿ ಬಿಳಿ ನೂಲಿನದೇ ಚಿತ್ತಾರ. ಬೆಳಕಿಗೆ ಓರೆ ಹಿಡಿದರೆ ಕಂಡೂ ಕಾಣದಂತಿರಬೇಕು, ಬೆರಳಾಡಿಸಿದರೆ ಕೈಗೆ ಹತ್ತಬೇಕು. ಇಂಥ ಮಹಾಶಯರು ಅಂಗಡಿಗೊಂದು ವೆಬ್‌ಸೈಟ್ ಮಾಡಿಸಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಸೈಟು ಮಾಡಿಕೊಟ್ಟವಳು ಅವರ ತಮ್ಮನ ಮಗಳು ರೂಪಾಲಿ. ಅವಳ ಕಸುಬೇ ಅದು. ದೊಡ್ಡಪ್ಪ ಆರಿಸಿದ ಬಣ್ಣ ನೋಡಿ ಪಾಪ, ಹಣೆ ಹಣೆ ಬಡಿದುಕೊಂಡಳು.

"ಬಿಳಿ ಮ್ಯಾಲ ಹಾಲಬಣ್ಣದ ಅಕ್ಷರ ಹಾಕಿದ್ರ ಯಾರಿಗಿ ಕಾಣತದ ದೊಡ್ಡಪ್ಪಾ? ಅಕ್ಷರಕ್ಕೂ ನೆಲಕ್ಕೂ ಎಷ್ಟು ಫರಕ ಇರಬೇಕು ಅಂತ ಒಂದು ಲೆಕ್ಕ ಅದ. ಕಮ್ಮೀತ ಕಮ್ಮಿ ನಾಲ್ಕೂವರಿಗಿ ಒಂದು. ನಿಮ್ಮದು ಒಂದೂಕಾಲು ಸುದ್ದಾ ಆಗವಲ್ದು."

"ಅಂದ್ರ ನಾಪಾಸೇನು?"

"ಪೂರಾ ನಾಪಾಸ. ವಯಸ್ಸಾದವ್ರು, ಕಣ್ಣು ಮಂದ ಇದ್ದವ್ರು, ಬಿಸಲಾಗ ನಿಂತು ಮೊಬೈಲ್ ನೋಡೂವ್ರು, ಎಲ್ಲಾರಿಗೂ ಓದಾಕ ಬರಬೇಕಲ್ರಿ?"

"ನನ್ನ ಗಿರಾಯ್ಕ ಖಾನದಾನಿ ಮಂದಿ. ಕಿರಚೂ ಅಕ್ಷರ ಅವ್ರಿಗಿ ಬ್ಯಾಡ," ಎಂದು ಸಾತಲಿಂಗಪ್ಪನವರು ತೀರ್ಪು ಕೊಟ್ಟರು.

ಭಕ್ಕರಿ ಬಡಿಯುತ್ತಿದ್ದ ಹೆಂಡತಿ ಕಸ್ತೂರಬಾಯಿ ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ಇದ್ರಾಗ ಏನೂ ಬರದಿಲ್ಲಲ್ರೀ?"

"ಬರದದ. ಬೆಳಕಿಗಿ ಒಂಚೂರು ಓರೆ ಹಿಡಿ."

ಕಸ್ತೂರಬಾಯಿ ಕಿಟಕಿಯ ಹತ್ತಿರ ಹೋಗಿ ಓರೆ ಹಿಡಿದರು. "ಹೂಂ, ಈಗ ನನ್ನ ಮಾರಿ ಕಾಣಾಕತ್ತದ."

"ನಿನ್ನ ಕಣ್ಣು ಮಂದ ಆಗ್ಯಾವ!"

"ಹೌದ್ರಿ. ನಿನ್ನಿ ನಿಮ್ಮ ಅಂಗಿ ಮ್ಯಾಲಿನ ಭಜಿ ಎಣ್ಣಿ ಕಲಿ ಬಾಗಲದಾಗ ನಿಂತೇ ಹಿಡದಾಕಿ ಬ್ಯಾರೆ ಯಾರೋ ಇರಬೇಕು."

(ಸಕ್ಕರೆ ಕಾಯಿಲೆಯವರು ಭಜಿ ತಿಂದದ್ದು ಬೇರೆಯೇ ಪ್ರಕರಣ. ಅದನ್ನು ಇಲ್ಲಿ ಕೆದಕುವುದು ಬೇಡ.)

ಅದೇ ವಾರ ಅಕ್ಕಲಕೋಟದಿಂದ ಸುದ್ದಿ ಬಂತು. ಕಸ್ತೂರಬಾಯಿಯ ತಮ್ಮ ಗುರುಸಿದ್ಧನ ಮಗ ಸ್ವಪ್ನಿಲನ ಲಗ್ನ ನಿಶ್ಚಯವಾಗಿತ್ತು. ಬೀಗರಿಗೆ, ಹಿರಿಯರಿಗೆ ಆಹೇರಿನ ಉಡುಗೊರೆ ಕೊಡಲು ಮುನ್ನೂರು ಟವೆಲ್ ಬೇಕು. ಸಾತಲಿಂಗಪ್ಪನವರು ಫೋನಿನಲ್ಲಿ, "ಸೈಟಿನ ಮ್ಯಾಲೇ ಆರ್ಡರ್ ಕೊಡೋ" ಎಂದು ಹುಕುಂ ಮಾಡಿದರು.

"ನನ್ನ ತವರಮನಿ ಕಾರ್ಯ ಅದು," ಎಂದರು ಕಸ್ತೂರಬಾಯಿ. "ಏನರೆ ಎಡವಟ್ಟಾದ್ರ ಮಂದಿಗಿ ಹ್ಯಾಂಗ ಮಾರಿ ತೋರಸಲಿ? ಏನು ಬೇಕಂತ ಬಾಯಿಲೇ ಒಮ್ಮೆ ಕೇಳ್ಕೊಳ್ರಿ."

"ಕೇಳಂಗಿಲ್ಲ! ಸೈಟಿನ ಪಯಲಾ ಆರ್ಡರ್ ಇದು. ಸುರಳೀತ ಪಾರಾತಂದ್ರ ನೀವಿಬ್ರೂ ಬಾಯಿ ಮುಚ್ಚಬೇಕು."

ಗುರುಸಿದ್ಧ ಸೈಟು ತೆರೆದ. ಅಂಚಿನಲ್ಲಿ ವಧೂವರರ ಹೆಸರು ನೇಯಬೇಕಿದ್ದರೆ ಬರೆಯಲೆಂದು ಅಲ್ಲೊಂದು ಚೌಕವಿತ್ತು. ಹೆಸರು ಬೇಡದವರು ಖಾಲಿ ಬಿಡಬೇಕು. ಆ ಚೌಕದೊಳಗೆ ಮಾದರಿಗೆಂದು ಸಾತಲಿಂಗಪ್ಪನವರು ತಮ್ಮ ಮತ್ತು ಹೆಂಡತಿಯ ಹೆಸರನ್ನೇ ಮೊದಲೇ ತುಂಬಿಸಿಟ್ಟಿದ್ದರು, ಅದೇ ಹಾಲುಬಣ್ಣದಲ್ಲಿ. 'ಇದನ್ನು ಅಳಿಸಿರಿ' ಎಂಬ ಸೂಚನೆಯೂ ಹಾಲುಬಣ್ಣದ್ದೇ. ಗುರುಸಿದ್ಧನಿಗೆ ಬೇಕಾದದ್ದು ಸಾದಾ ಟವೆಲ್. ಕಂಡದ್ದು ಖಾಲಿ ಚೌಕ. ಮುನ್ನೂರು ಎಂದು ಹಾಕಿ ಗುಂಡಿ ಒತ್ತಿದ. ಆರ್ಡರ್ ನೆಟ್ಟಗೆ ಮಗ್ಗಕ್ಕೆ ಹೋಗಿ ಕಪ್ಪು ಶಾಯಿಯಲ್ಲಿ ಅಚ್ಚಾಯಿತು. ಮಗ್ಗದ ಸಿದ್ದೇಶ್ವರ ಬರೆದದ್ದನ್ನು ಬರೆದಂತೆ, ಬಿಳಿಯಲ್ಲಿ ಬಿಳಿಯಾಗಿ ನೇಯ್ದು, ಗಂಟು ಕಟ್ಟಿ ಅಕ್ಕಲಕೋಟಕ್ಕೆ ಕಳಿಸಿಬಿಟ್ಟ.

ಲಗ್ನದ ದಿನ ಆ ಸೀಮೆಯ ಪದ್ಧತಿಯ ಜೋಳದ ಅಕ್ಷತೆ ಬಿದ್ದವು, ಆಹೇರು ಶುರುವಾಯಿತು. ಅಕ್ಕನ ಗಂಡನೆಂದು ಮೊದಲ ಟವೆಲ್ ಟೋಪಿಯ ಮಾನ ಸಾತಲಿಂಗಪ್ಪನವರಿಗೇ. ಬಂದು ಕೂತು ಸ್ವಲ್ಪ ಹೊತ್ತಾದ ಮೇಲೆ ಹೆಗಲಿನ ಟವೆಲಿನ ಅಂಚಿಗೆ ರೂಢಿಯಂತೆ ಬೆರಳಾಡಿಸಿದರು. ಏನೋ ಕೈಗೆ ಹತ್ತಿತು. ಸಾದಾ ಟವೆಲಿನಲ್ಲಿ ಕೈಗೆ ಹತ್ತುವಂಥದ್ದೇನು? ಬೆಳಕಿಗೆ ಹಿಡಿದು ಓದಿದರು.

'ಚಿ. ಸಾತಲಿಂಗಪ್ಪ, ಚಿ. ಸೌ. ಕಸ್ತೂರಬಾಯಿ, ಶುಭವಿವಾಹ.'

ಅಷ್ಟರಲ್ಲಿ ಅರವತ್ತು ಹೆಗಲುಗಳ ಮೇಲೆ ಅವರ ಲಗ್ನವಾಗಿಹೋಗಿತ್ತು. ಉಳಿದ ಹೆಗಲುಗಳು ಸಾಲುಹಚ್ಚಿ ನಿಂತಿದ್ದವು.

ಬೋರಾಮಣಿಯಿಂದ ಬಂದಿದ್ದ ನಿಂಗಣ್ಣನೆಂಬ ಹಿರಿಯರು ಅಂಚು ಸವರುತ್ತ, "ಸಾಹುಕಾರ್ರ, ಇಲ್ಲಿ ಏನೋ ಬರದಂಗದಲ್ಲ?" ಎಂದರು.

"ಬಳ್ಳಿ ಅದು! ಬರೇ ಹೂವಿನ ಬಳ್ಳಿ!"

ಗಂಡನ ಮುಖ ಬೆಳ್ಳಗಾದದ್ದು ಕಂಡು ಕಸ್ತೂರಬಾಯಿ ಟವೆಲ್ ಕಸಿದುಕೊಂಡರು. ಓದಿದರು. ತವರಿನವರ ಎದುರು ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಗಂಡ ಹೀಗೆ ಕೈಗೆ ಸಿಕ್ಕ ಗಳಿಗೆ ಮತ್ತೆ ಬರುವುದಲ್ಲ. ಎಲ್ಲರಿಗೂ ಕೇಳುವಂತೆ, "ಏನ್ರಿ, ನನ್ನ ಕಣ್ಣು ಮಂದ ನೋಡ್ರಿ. ಇದ್ರಾಗ ಅಕ್ಷರ ಕಾಣತಾವೋ ಇಲ್ಲೋ, ನೀವೇ ಹೇಳ್ರಿ," ಎಂದರು.

ಸಾತಲಿಂಗಪ್ಪನವರು ಗುರುಸಿದ್ಧನನ್ನು ನೋಡಿದರು, ಬೀಗರನ್ನು ನೋಡಿದರು. "ಕಾಣಂಗಿಲ್ಲ."

"ಜೋರ ಹೇಳ್ರಿ."

"ಏನೂ ಕಾಣಂಗಿಲ್ಲ ಮಾರಾಯ್ತಿ! ಬಿಳಿ ಮ್ಯಾಲ ಬಿಳಿ ಯಾವ ಮನಷಾಗೂ ಕಾಣಂಗಿಲ್ಲ!"

ಪಕ್ಕದಲ್ಲೇ ಇದ್ದ ರೂಪಾಲಿ ತಡಮಾಡದೆ ಮೊಬೈಲ್ ತೆಗೆದಳು. "ಹಂಗಾರ ಸೈಟಿನ್ಯಾಗ ಕರಿ ಅಕ್ಷರ ಹಾಕ್ಲಿ ದೊಡ್ಡಪ್ಪಾ?"

"ಹಾಕವ್ವ ತಾಯಿ, ಏನರೆ ಹಾಕು!"

ಗಂಡಾಂತರ ಕಳೆಯಿತೆಂದು ಅವರು ಬೆವರೊರೆಸಿಕೊಳ್ಳುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಕಸ್ತೂರಬಾಯಿಯ ತಾಯಿ ನೀಲಾಬಾಯಿ, ಎಂಬತ್ತೆರಡರ ಮುದುಕಿ, ತಮ್ಮ ಪಾಲಿನ ಟವೆಲನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಕೂಗಿ ಓದತೊಡಗಿದರು. "ಸಾ... ತ... ಲಿಂ... ಗಪ್ಪ! ಕ... ಸ್ತೂ... ರಬಾಯಿ! ಅಯ್ಯ ಶಿವನೇ, ಅಳಿಯಂದ್ರು ಮತ್ತೊಮ್ಮೆ ಲಗ್ನ ಆದ್ರೇನ ಮಗಳೇ?"

ಟವೆಲ್ ಸಿಕ್ಕವರೆಲ್ಲ ಒಮ್ಮೆಲೇ ಅಂಚು ತಡಕಿದರು. ನಗೆಯೋ ನಗೆ. ನಿಂಗಣ್ಣ ಉಳಿದ ಅಕ್ಷತೆ ಎಸೆದದ್ದೇ ತಡ, ನಾಲ್ಕೂ ದಿಕ್ಕಿನಿಂದ ಗಂಡ ಹೆಂಡಿರ ತಲೆಯ ಮೇಲೆ ಜೋಳದ ಕಾಳು ಸುರಿದವು. ಕಸ್ತೂರಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಾತಲಿಂಗಪ್ಪನವರೋ ಟೋಪಿಯ ಮೇಲಿನ ಕಾಳು ಕೊಡವುತ್ತ ಹಿಗ್ಗಿ ಹೀರೇಕಾಯಿಯಾಗಿ ಎದ್ದು ನಿಂತರು.

"ನೋಡಿದ್ಯಾ ರೂಪಾಲಿ? ಎಂಬತ್ತೆರಡು ವರ್ಷದ ಮುದುಕಿ ಓದ್ಯಾಳ! ಕಾಣತಾವ! ನಾ ಹೇಳಿದ್ದಿಲ್ಲಾ?"

"ತಡಾ ಆತು ದೊಡ್ಡಪ್ಪಾ," ಎಂದಳು ರೂಪಾಲಿ. "ಕರಿ ಮಾಡಿಬಿಟ್ಟೆ."