ನಾನು 'ಬೇಡ' ಅಂದಿದ್ದಕ್ಕೆ ಉಳಿದ ಅಡುಗೆಮನೆ

ನಾನು ಎಲ್ಲಿ ಹೋಗಿ ಕೂತರೂ ಅಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ, ಅದು ನನ್ನ ಜಾತಕದಲ್ಲೇ ಇದೆ. ನಾಲ್ಕಕ್ಷರ ಕಲಿತವನಲ್ಲ ನಾನು. ಆದರೂ ಬರ್ಮಿಂಗ್‌ಹ್ಯಾಮಿನ ಒಂದು ಶಾಲೆಯ ಅಷ್ಟೂ ಬೀಗದ ಕೈಗಳು ವರ್ಷಗಟ್ಟಲೆ ನನ್ನ ಸೊಂಟದಲ್ಲೇ ಇದ್ದವು. ಕೇರ್‌ಟೇಕರ್ ಅಂತ ಕೆಲಸ. ದೊಡ್ಡ ದೊಡ್ಡ ಓದು ಓದಿದ ಟೀಚರುಗಳೆಲ್ಲ ಚಳಿಯಲ್ಲಿ ನಡುಗುತ್ತಾ ಗೇಟಿನ ಹೊರಗೆ ನಿಂತಿರುತ್ತಿದ್ದರು. ನಾನು ಬಂದು ತೆಗೆದರೆ ಮಾತ್ರ ವಿದ್ಯೆಗೆ ಒಳಗೆ ಪ್ರವೇಶ. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್, ಕಂಪನಿಯವರು ಬಂದು ಬಿಚ್ಚಿ ಜೋಡಿಸಿದರೂ ಹೊತ್ತದ್ದು, ನಾನು ಒಮ್ಮೆ ಕೆಮ್ಮಿದರೆ ಹೊತ್ತಿಕೊಳ್ಳುತ್ತಿತ್ತು. ನಂಬದಿದ್ದರೆ ಬಿಡಿ.

ಅವಿರೋಧ ಆಯ್ಕೆ

ಶಾಲೆ ನಡೆಸುವ ನಗರ ಕೌನ್ಸಿಲಿಗೆ ದುಡ್ಡಿಲ್ಲ ಅಂತ ಎಲ್ಲಾ ಕಡೆ ಕತ್ತರಿ ಆಡುತ್ತಿದ್ದ ಕಾಲ. ಅಡುಗೆಯವರು, ಕ್ಲೀನರುಗಳು, ಮಧ್ಯಾಹ್ನ ಅಂಗಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು, ಇವರಿಗೆಲ್ಲ ಯೂನಿಯನ್ನಿನ ಒಬ್ಬ ಪ್ರತಿನಿಧಿ ಬೇಕಾಯಿತು. ಸಭೆ ನನ್ನ ಬಾಯ್ಲರ್ ಕೋಣೆಯಲ್ಲಿ ಸೇರಿತು. ನನ್ನ ಹೆಸರು ಹೇಳಿದ್ದೇ ತಡ, ಎಲ್ಲರ ಕೈಯೂ ಮೇಲೆ. ಪ್ರಧಾನಮಂತ್ರಿಗೂ ಹೀಗೆ ಓಟು ಬಿದ್ದಿರಲಿಕ್ಕಿಲ್ಲ.

ಅಡುಗೆಯಾಕೆ ಪಕ್ಕದಲ್ಲೇ ಇದ್ದಳು. ಸಪೂರ ಹೆಂಗಸು, ಅದೇ ಊರಲ್ಲಿ ಹುಟ್ಟಿ ಬೆಳೆದವಳು. ಅಲ್ಲಿಯ ಹೆಂಗಸರ ರೂಢಿಯಂತೆ ಎಲ್ಲರನ್ನೂ ಪ್ರೀತಿಯಿಂದ 'ಬ್ಯಾಬ್' ಅಂತಲೇ ಕರೆಯುವವಳು.

"ನನ್ನ ಧೈರ್ಯ ನೋಡಿ ತಾನೇ ಆರಿಸಿದ್ದು?" ಅಂತ ಕೇಳಿದೆ.

"ಅಲ್ಲ ಬ್ಯಾಬ್. ಮೀಟಿಂಗಿಗೆ ಬೆಚ್ಚಗಿರೋ ರೂಮು ಇರೋದು ನಿನ್ನ ಹತ್ರ ಮಾತ್ರ."

ಕೈತಪ್ಪಿದ ಬಿಸ್ಕತ್ತು

ಮೊದಲ ಕೇಸು ಕೋಟಿನದು. ಅಂಗಳದ ಹೆಂಗಸರು ಮಳೆಯಲ್ಲಿ ನೆನೆಯುತ್ತಿದ್ದರು, ಶಾಲೆ ಅವರಿಗೆ ಕೋಟು ಕೊಡಿಸಬೇಕು. ನಾನು ಹೆಡ್ ಮೇಡಂ ಕೋಣೆಗೆ ಹೋಗಿ ಕೂತೆ. ಅವರು ಟೀ, ಬಿಸ್ಕತ್ತು ಮುಂದೆ ಹಿಡಿದರು.

ನಮ್ಮ ಕುಂದಾಪುರದ ಕಡೆ ಕೊಟ್ಟ ಕೂಡಲೇ ಕೈ ಚಾಚುವುದು ಮರ್ಯಾದೆಯಲ್ಲ. ಮೊದಲ ಸಲ 'ಬೇಡ' ಅನ್ನಬೇಕು. ಎರಡನೇ ಸಲ 'ನಿಮಗ್ಯಾಕೆ ತೊಂದರೆ' ಅನ್ನಬೇಕು. ಮೂರನೇ ಸಲ ಅವರು ತಟ್ಟೆ ತಂದು ಕೈಗೇ ತುರುಕಿದಾಗ 'ಇಷ್ಟು ಒತ್ತಾಯ ಮಾಡ್ತೀರಲ್ಲ' ಅಂತ ಸೋಲಬೇಕು. ಅದರಂತೆ ನಾನು "ಬೇಡ" ಅಂದೆ.

ಹೆಡ್ ಮೇಡಂ "ಸರಿ" ಅಂತ ತಟ್ಟೆಯನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿಬಿಟ್ಟರು.

ನಾನು ಆ ಬೀರುವನ್ನೇ ದಿಟ್ಟಿಸುತ್ತಾ ಕೂತೆ. ಮೇಡಂ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕಿಟಕಿ ನೋಡಿದರು. ಕೊನೆಗೆ, "ನೀವು ಇಷ್ಟು ಸಿಟ್ಟಾಗ್ಬೇಡಿ, ಕೋಟು ಕೊಡಿಸೋಣ" ಅಂದರು.

ಹೆಂಗಸರಿಗೆಲ್ಲ ಕೋಟು ಬಂತು. ಬಿಸ್ಕತ್ತು ಮಾತ್ರ ಇವತ್ತಿಗೂ ಬಂದಿಲ್ಲ.

ಸಾಕು ಅಂದರೆ ಇನ್ನೊಂದು

ಒಂದು ಶನಿವಾರ ಅಡುಗೆಯಾಕೆ ಕಣ್ಣು ಕೆಂಪು ಮಾಡಿಕೊಂಡು ನಮ್ಮ ಮನೆಗೇ ಬಂದಳು. ಕೌನ್ಸಿಲಿನಿಂದ ಸುದ್ದಿ ಬಂದಿತ್ತು: ಶಾಲೆಯ ಅಡುಗೆಮನೆ ಮುಚ್ಚುತ್ತಾರೆ, ಊಟ ಹೊರಗಿನಿಂದ ವ್ಯಾನಿನಲ್ಲಿ ಬರುತ್ತದೆ, ಅಡುಗೆಯಾಕೆ ಮನೆಗೆ.

"ನನ್ನ ಕಸ್ಟರ್ಡ್ ತಿಂದು ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನ ಅದೇ ಶಾಲೆಗೆ ತಂದು ಬಿಡ್ತಾರೆ ಬ್ಯಾಬ್. ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ತಗೋತಾರೆ?"

"ನಾನು ಇರುವಾಗ ನಿನ್ನ ಒಲೆ ಯಾರು ಆರಿಸ್ತಾರೆ ನೋಡ್ತೇನೆ. ಮೊದಲು ಊಟ ಮಾಡು" ಅಂದೆ.

ನನ್ನ ಹೆಂಡತಿ ನೀರುದೋಸೆ, ಕೋಳಿ ಸಾರು ಬಡಿಸಿದಳು. ಆಕೆ "ಸಾಕು" ಅಂದಳು.

"ಪಾಪ, ನಾಚಿಕೆ ಮಾಡ್ಕೊಳ್ತಾಳೆ ಮಾರಾಯ್ರೆ" ಅಂತ ಇವಳು ಇನ್ನೆರಡು ಹಾಕಿದಳು. ಆಕೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿತ್ತು. ರುಬ್ಬಿದ ಹಿಟ್ಟೆಲ್ಲ ಮುಗಿಯಿತು, ಪಕ್ಕದ ಮನೆಯಿಂದ ಸಾಲ ತಂದ ಹಿಟ್ಟೂ ಮುಗಿಯಿತು.

"ಬ್ಯಾಬ್," ಅಂತ ಆಕೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, "ನಿಮ್ಮಲ್ಲಿ ಬೇಡ ಅಂದ್ರೆ ಇನ್ನೊಂದು ಹಾಕಿ ಅಂತಾನಾ? ಇದು ನಿಲ್ಬೇಕಾದ್ರೆ ಏನು ಮಾಡ್ಬೇಕು?"

"ಎದ್ದು ಕೈ ತೊಳೀಬೇಕು."

"ಏಳೋಕಾಗ್ತಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ?"

ಮಹಾಯುದ್ಧ

ಕೌನ್ಸಿಲಿನ ಅಧಿಕಾರಿ ಟೈ ಕಟ್ಟಿಕೊಂಡು ಬಂದ. ಮೇಜಿನ ಆ ಕಡೆ ಅವನು ಮತ್ತು ಹೆಡ್ ಮೇಡಂ, ಈ ಕಡೆ ನಾನು ಮತ್ತು ಅಡುಗೆಯಾಕೆ. ಹುಲಿಯ ಎದುರು ಕೂತ ಹಾಗೆ ಕೂತಿದ್ದರು ಅವರು. ಹುಲಿ ಅಂದರೆ ನಾನೇ.

ಅಧಿಕಾರಿ ಶುರು ಮಾಡಿದ: "ವ್ಯಾನಿನಲ್ಲಿ ಬಂದ ಊಟ ಬಡಿಸೋ ಕೆಲಸ ಕೊಡ್ತೇವೆ. ಅರ್ಧ ದಿನ."

ಏನಾದರೂ ಕೊಡುತ್ತೇನೆ ಅಂತ ಯಾರಾದರೂ ಬಂದರೆ ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ. "ಬೇಡ" ಅಂದೆ.

ಮೇಜಿನ ಕೆಳಗೆ ಅಡುಗೆಯಾಕೆ ನನ್ನ ಮೊಣಕಾಲಿಗೆ ಒಂದು ಒದ್ದಳು. ಅಷ್ಟು ಸಿಕ್ಕಿದರೂ ಸಾಕು ಅಂತ ಬಂದವಳು ಪಾಪ. ಅಧಿಕಾರಿ ಹೆಡ್ ಮೇಡಂ ಕಡೆ ವಾಲಿದ. "ಇವರು ಹೀಗೇನೇ. ಕೋಟಿನ ಸಲ ನೋಡ್ಬೇಕಿತ್ತು" ಅಂತ ಮೇಡಂ ಮೆಲ್ಲಗೆ ಹೇಳಿದ್ದು ನನಗೂ ಕೇಳಿತು.

"ಸರಿ, ಬೇರೆ ಶಾಲೆಯಲ್ಲಿ ಪೂರ್ತಿ ದಿನದ ಕೆಲಸ."

"ಛೆ ಛೆ, ನಿಮಗ್ಯಾಕೆ ಅಷ್ಟು ತೊಂದರೆ" ಅಂದೆ. ಇನ್ನೊಂದು ಒದೆ ಬಿತ್ತು. ಆ ಕಾಲು ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ.

ಅಧಿಕಾರಿ ಟೈ ಸಡಿಲ ಮಾಡಿಕೊಂಡ. ಪೆನ್ನು ಕೆಳಗಿಟ್ಟ. "ಆಯ್ತು. ಅಡುಗೆಮನೆ ಇರ್ಲಿ, ಇವರೂ ಇರ್ಲಿ. ಇದಕ್ಕಿಂತ ಮುಂದೆ ನನ್ನ ಕೈಯಲ್ಲಿಲ್ಲ."

ಮೂರು ಸಲ ಆಯಿತಲ್ಲ, ಇನ್ನು ಒಪ್ಪಿದರೆ ಅಡ್ಡಿಯಿಲ್ಲ. "ಇಷ್ಟು ಒತ್ತಾಯ ಮಾಡ್ತೀರಿ ಅಂದ್ರೆ ಆಗ್ಲಿ" ಅಂದೆ. ಅವನು ಅಷ್ಟು ಕೊಡಲು ತಯಾರಾಗಿಯೇ ಬಂದಿದ್ದ ಅಂತ ಕೆಲವರು ಹೇಳುತ್ತಾರೆ. ಹೊಟ್ಟೆಕಿಚ್ಚು.

ಅಡುಗೆಯಾಕೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿದಳು. ಸೇಬು ಹಾಕಿ ಬೇಯಿಸಿದ ಕ್ರಂಬಲ್ ಅನ್ನುವ ಸಿಹಿ, ಅದರ ಮೇಲೆ ಸುರಿಯಲು ಬಿಸಿ ಕಸ್ಟರ್ಡ್ ಹೊತ್ತುಕೊಂಡು ಬಂದಳು. ಅಧಿಕಾರಿ "ಬೇಡ, ಊಟ ಆಗಿದೆ" ಅಂದ. ಒಂದು ಸೌಟು ಬಿತ್ತು. "ಸಾಕು" ಅಂದ. ಇನ್ನೊಂದು ಬಿತ್ತು. ಕೈ ಅಡ್ಡ ಹಿಡಿದ. ಬೆರಳ ಸಂದಿಯಲ್ಲಿ ಕಸ್ಟರ್ಡ್ ಇಳಿಯಿತು. ಎಲ್ಲಾ ನಮ್ಮ ಮನೆಯ ವಿದ್ಯೆ.

ಆಮೇಲೆ ಆಕೆ ನನ್ನ ಕಡೆ ತಿರುಗಿದಳು. "ನಿನಗೆ, ಬ್ಯಾಬ್?"

ಬೆಳಿಗ್ಗೆಯಿಂದ ಹಸಿದಿದ್ದೆ. ಬಾಯಲ್ಲಿ ನೀರೂರುತ್ತಿತ್ತು. ಆದರೂ ಅದೇ ಬಾಯಿ ನೋಡಿ, "ಬೇಡ" ಅಂದುಬಿಟ್ಟಿತು.

ಆಕೆ ನಕ್ಕು ಸೌಟು ಎತ್ತಿದಳು. ಅಷ್ಟರಲ್ಲಿ ಅಧಿಕಾರಿ ಬಾಯಿತುಂಬ ಕ್ರಂಬಲ್ ಇಟ್ಟುಕೊಂಡೇ ಆಕೆಯ ಕೈ ಹಿಡಿದ.

"ದಯವಿಟ್ಟು ಇವರನ್ನ ಎರಡನೇ ಸಲ ಕೇಳ್ಬೇಡಿ. ತುಂಬಾ ದುಬಾರಿ ಆಗುತ್ತೆ."