ಕಿವಿಗೆ ತೂತಿರುವ ಟೋಪಿ

ಜಪಾನಿ ಭಾಷೆ ಬಾರದೆಯೂ ಜಪಾನಿ ಪುಸ್ತಕ ಓದುವುದು ಹೇಗೆಂದು ಸೂಜಮ್ಮನನ್ನು ಯಾರೂ ಕೇಳಿರಲಿಲ್ಲ. ಆದರೂ ಅವಳು ಎಲ್ಲರಿಗೂ ಹೇಳುತ್ತಿದ್ದಳು. "ಚಿತ್ರ ಅರ್ಥವಾದ್ಮೇಲೆ ಅಕ್ಷರ ಯಾಕೆ ಬೇಕು? ಚಿತ್ರ ಅರ್ಥವಾಗದೇ ಇರೋರಿಗೆ ಅಂತ ಪಾಪ ಅಕ್ಷರಾನೂ ಹಾಕಿರ್ತಾರೆ ಅಷ್ಟೆ" ಎಂಬುದು ಅವಳ ಸಿದ್ಧಾಂತ. ಈ ಸಿದ್ಧಾಂತದ ಕೈಗೆ ಸಿಕ್ಕು ಒಂದು ಸಂಸಾರ, ಒಂದು ಶಾಲೆ, ಒಂದು ಹಲ್ಲಿನ ಕ್ಲಿನಿಕ್ಕು ಪಟ್ಟ ಪಾಡನ್ನು ಈಗ ಹೇಳದೆ ವಿಧಿಯಿಲ್ಲ.

ಸೂಜಮ್ಮ ಎಂದು ಹೆಸರಿಟ್ಟವರು ಗಂಡ. ಆಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ಕೆನ್ನೆ ಊದಿಸಿಕೊಂಡು ಬಂದವರಿಗೆಲ್ಲ "ನಾಳಿದ್ದು ಬನ್ನಿ" ಎನ್ನುವ ಕೆಲಸದಲ್ಲಿದ್ದಳು. ಮೈ ಸಣ್ಣ, ಮಾತು ಚೂಪು. ಎದುರುಮನೆಯ ಗೆಳತಿ ಶಾಲೆಯೊಂದರ ಹೆಡ್‌ಮಿಸ್ಸು. ಎತ್ತರದ ಆಳು, ಮಾತಿಗೆ ತುದಿ ಸಿಕ್ಕಿದರೆ ಉಂಡೆ ಪೂರ್ತಿ ಬಿಚ್ಚುವವರೆಗೂ ಬಿಡುವವಳಲ್ಲ. ಹೀಗಾಗಿ ಅವಳು ದಾರಮ್ಮ. ಒಬ್ಬಳಿದ್ದಲ್ಲಿ ಇನ್ನೊಬ್ಬಳು ಇದ್ದೇ ಇರುತ್ತಿದ್ದುದರಿಂದ ಬೀದಿಯವರೂ ಈ ಹೆಸರುಗಳನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

ಶನಿವಾರ ಮಧ್ಯಾಹ್ನವೆಂದರೆ ಸೂಜಮ್ಮನ ಊಟದ ಮೇಜಿಗೆ ಊಟದ ಗುರುತೇ ಇರುತ್ತಿರಲಿಲ್ಲ. ಉಣ್ಣೆಯ ಉಂಡೆಗಳು, ಗುಂಡಿಗಳ ಡಬ್ಬಿ, ಬಟ್ಟೆಯ ತುಂಡುಗಳು, ಅಂಟಿನ ಶೀಶೆ, ಪಕ್ಕದಲ್ಲಿ ಚಹಾ, ಒಲೆಯಿಂದ ಈಗಷ್ಟೇ ತೆಗೆದ ಬೆಣ್ಣೆ ಬಿಸ್ಕತ್ತು. (ಯಜಮಾನರ ತಟ್ಟೆ ಫ್ರಿಜ್ಜಿನ ತಲೆಯ ಮೇಲೆ. ಅವರು ನಿಂತೇ ಉಣ್ಣುತ್ತಿದ್ದರು. ನಿಂತು ಉಂಡರೆ ಹೊಟ್ಟೆ ಬರುವುದಿಲ್ಲ ಎಂದು ಅವರಿಗೆ ತಿಳಿಸಿಹೇಳಲಾಗಿತ್ತು.) ಹೊಸ ಬಟ್ಟೆಯ ಮೇಲೆ ಕತ್ತರಿ ಕರಕರ ಓಡುವ ಸದ್ದಿಗೆ ಸೂಜಮ್ಮನಿಗೆ ವಾರವಿಡೀ ಕಂಡ ಊರಿನವರ ಹಲ್ಲುನೋವೆಲ್ಲ ಮರೆತುಹೋಗುತ್ತಿತ್ತು. ದಾರಮ್ಮನಿಗೆ ಮಕ್ಕಳ ಕೂಗಾಟ ಕಿವಿಯಿಂದ ಇಳಿದುಹೋಗುತ್ತಿತ್ತು. ಆ ಹೊತ್ತು ಇಬ್ಬರಿಗೂ ಪರಮಸುಖ. ಅದಿಲ್ಲದಿದ್ದರೆ ಮುಂದಿನ ವಾರವನ್ನು ಹೇಗೆ ಎದುರಿಸುತ್ತಿದ್ದೆವೋ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದರು.

ಈ ಸುಖದ ಮೂಲಗ್ರಂಥವೇ ಆ ಜಪಾನಿ ಪುಸ್ತಕ. ಹಳೆಯ ಪುಸ್ತಕದಂಗಡಿಯ ರಾಶಿಯಲ್ಲಿ ಸಿಕ್ಕಿದ್ದು. ರಕ್ಷಾಪುಟವಿಲ್ಲ. ಹಿಂದಿನ ಒಡೆಯರು ಯಾರೋ ಅಲ್ಲಲ್ಲಿ ಚಿತ್ರಗಳನ್ನು ಚೌಕವಾಗಿ ಕತ್ತರಿಸಿಕೊಂಡಿದ್ದರು. ಉಳಿದ ಚಿತ್ರಗಳೇ ಸಾಕಿತ್ತು. ಬರಿಯ ಮರದ ಮೇಜು, ಅದರ ಮೇಲೆ ಮಡಿಸಿಟ್ಟ ಒಂದು ಉಡುಪು, ಪಕ್ಕದಲ್ಲಿ ಒಂದೇ ಒಂದು ಎಲೆ. ನೋಡಿದರೆ ಕಣ್ಣು ತಂಪಾಗಬೇಕು. ಪ್ರತಿ ಪುಟದ ಮೂಲೆಯಲ್ಲೂ ಪುಟಾಣಿ ನಾಯಿಯ ಚಿತ್ರ.

"ಇದ್ಯಾಕೆ ನಾಯಿ?" ಎಂದು ದಾರಮ್ಮ ಮೊದಲ ದಿನವೇ ಕೇಳಿದ್ದಳು.

"ಪ್ರಕಾಶಕರ ಮುದ್ರೆ ಕಣೆ. ಒಬ್ಬರು ಆನೆ ಹಾಕ್ಕೋತಾರೆ, ಒಬ್ಬರು ದೀಪ ಹಾಕ್ಕೋತಾರೆ. ಇವರು ನಾಯಿ ಹಾಕ್ಕೊಂಡಿದ್ದಾರೆ. ನಿಯತ್ತಿನ ಕಂಪನಿ ಇರ್ಬೇಕು" ಎಂದು ಸೂಜಮ್ಮ ತೀರ್ಪು ಕೊಟ್ಟಿದ್ದಳು.

ಆ ಗ್ರಂಥದಿಂದ ಮೊದಲು ಹೊರಬಂದದ್ದು ಯಜಮಾನರ ತೋಳಿಲ್ಲದ ಉಣ್ಣೆಯ ಕೋಟು. ಪುಸ್ತಕದ ಅಳತೆ ಯಾರೋ ತೀರಾ ತೆಳ್ಳಗಿನವರದ್ದಾದ್ದರಿಂದ ಸೂಜಮ್ಮ ಅದನ್ನು ಧಾರಾಳವಾಗಿ ಹಿಗ್ಗಿಸಿದಳು. ಗುಂಡಿಗಳು ಬೆನ್ನ ಮೇಲೆ ಬಂದವು. (ಅಲ್ಲಿನ ಗಂಡಂದಿರಿಗೆ ಹೆಂಡತಿಯರೇ ಗುಂಡಿ ಹಾಕುತ್ತಾರೆ, ಪ್ರೀತಿ ಅಂದರೆ ಅದು, ಎಂದು ವಿವರಣೆ.) ತೂತುಗಳು ನಾಲ್ಕಿದ್ದವು. ಎರಡು ಕೈಗೆ. ಕೆಳಗಿನ ಇನ್ನೆರಡಕ್ಕೆ ಸೂಜಮ್ಮ ಒಳಗಿನಿಂದ ಬಟ್ಟೆ ಹೊಲಿದು ಜೇಬು ಮಾಡಿದಳು. ಕನ್ನಡಕದ ಅಂಗಡಿ ಇಟ್ಟಿದ್ದ ಯಜಮಾನರು ಚಳಿಗಾಲ ಪೂರ್ತಿ ಆ ಜೇಬುಗಳಲ್ಲಿ ಕೈಯಿಟ್ಟುಕೊಂಡು ಗಿರಾಕಿಗಳೊಡನೆ ಮಾತಾಡಿದರು. ಯಾರೂ ಏನೂ ಅನ್ನಲಿಲ್ಲ. ಕಣ್ಣು ಸರಿಯಿಲ್ಲದವರು ತಾನೇ ಅಲ್ಲಿಗೆ ಬರುವುದು.

ಎರಡನೆಯದು ದಾರಮ್ಮನ ಹುಟ್ಟುಹಬ್ಬಕ್ಕೆ ಹೆಣೆದ ಟೋಪಿ. ನೀಲಿ ಉಣ್ಣೆ, ನೆತ್ತಿಯ ಮೇಲೆ ದಪ್ಪ ಗೊಂಡೆ, ಗದ್ದದ ಕೆಳಗೆ ಕಟ್ಟಲು ದಾರ, ಎರಡೂ ಪಕ್ಕ ಕಿವಿ ಹೊರಗೆ ಬರಲು ತೂತು. "ನೋಡೆ, ಟೋಪಿ ಹಾಕ್ಕೊಂಡೂ ಫೋನಲ್ಲಿ ಮಾತಾಡ್ಬಹುದು. ಎಂಥಾ ಮುಂದಾಲೋಚನೆ" ಎಂದಿದ್ದಳು ಸೂಜಮ್ಮ. ದಾರಮ್ಮ ಆ ತೂತುಗಳಿಂದ ಕಿವಿ ಹೊರಗೆಳೆದು, ಓಲೆ ಸರಿಮಾಡಿಕೊಂಡು, ದಿನವೂ ಅದನ್ನು ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಮೂರನೆಯದು ದಾರಮ್ಮ ತಿರುಗಿ ಕೊಟ್ಟ ಉಡುಗೊರೆ, ಒಂದು ಚೀಲ. ಹೊರಗೆ ಹೂವಿನ ಬಟ್ಟೆ, ಒಳಗೆ ಪ್ಲಾಸ್ಟಿಕ್ ಅಸ್ತರು, ಬಿಗಿಯಾದ ಮುಚ್ಚಳ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಕೊಕ್ಕೆ. ಸೂಜಮ್ಮ ಅದರಲ್ಲಿ ಬಿಸ್ಕತ್ತು ತುಂಬಿಕೊಂಡು ಕ್ಲಿನಿಕ್ಕಿಗೆ ಹೋಗಿ ಸಿಕ್ಕವರಿಗೆಲ್ಲ ಹಂಚುತ್ತಿದ್ದಳು. ಹಲ್ಲಿನ ಡಾಕ್ಟರಂತೂ ದಿನಕ್ಕೆರಡು ತಪ್ಪಿಸುತ್ತಿರಲಿಲ್ಲ. "ಈ ಚೀಲದಲ್ಲಿಟ್ರೆ ಒಂಚೂರೂ ಮೆತ್ತಗಾಗಲ್ಲ ಡಾಕ್ಟ್ರೇ, ವಾಸನೆ ಒಂದೆಳೆಯೂ ಆಚೆ ಬರಲ್ಲ" ಎಂದು ಅವಳು ಹೊಗಳದ ದಿನವಿಲ್ಲ.

ಆ ಶುಕ್ರವಾರ ಕ್ಲಿನಿಕ್ಕಿಗೆ ಜಪಾನಿನಿಂದ ಹೊಸ ಕುರ್ಚಿ ಬಂತು. ಅದರ ಕೈಪಿಡಿ ಓದಲು ಡಾಕ್ಟರು ಫೋನಿಗೆ ಅನುವಾದದ ಆ್ಯಪ್ ಹಾಕಿಸಿಕೊಂಡಿದ್ದರು. ಕ್ಯಾಮೆರಾ ಹಿಡಿದರೆ ಸಾಕು, ಅಕ್ಷರವೆಲ್ಲ ಕನ್ನಡವಾಗುತ್ತಿತ್ತು. ಕುರ್ಚಿಯದು ಮುಗಿದ ಮೇಲೂ ಅವರಿಗೆ ಚಪಲ ತೀರಲಿಲ್ಲ. ಸೂಜಮ್ಮ ಬಲು ಹೆಮ್ಮೆಯಿಂದ ತನ್ನ ಗ್ರಂಥವನ್ನು ಮುಂದಿಟ್ಟಳು. ಡಾಕ್ಟರು ಎಡಗೈಯಲ್ಲಿ ಬಿಸ್ಕತ್ತು, ಬಲಗೈಯಲ್ಲಿ ಫೋನು ಹಿಡಿದು ಬಗ್ಗಿದರು.

"ಮೇಡಂ, ನಿಮ್ಮನೇಲಿ ನಾಯಿ ಇದೆಯಾ?"

"ಇಲ್ವಲ್ಲ ಡಾಕ್ಟ್ರೇ. ನಮ್ಮೆಜಮಾನ್ರಿಗೆ ನಾಯಿ ಕಂಡ್ರೆ ಸೀನು."

"ಇದು ನಾಯಿಗಳ ಚಳಿಗಾಲದ ಉಡುಪಿನ ಪುಸ್ತಕ."

ಸೂಜಮ್ಮ ನಕ್ಕಳು. ಆ್ಯಪ್‌ಗೂ ತಲೆ ಕೆಟ್ಟಿರುತ್ತೆ ಎಂದಳು. ಡಾಕ್ಟರು ಟೋಪಿಯ ಪುಟ ತೆಗೆದು ನಿಧಾನವಾಗಿ ಓದಿದರು. "ವಯಸ್ಸಾದ ನಾಯಿಗಳಿಗೆ ಬಹಳ ಹಿತ. ಕಿವಿಗಳನ್ನು ಹೊರಗೆ ಬಿಡಿ. ಇಲ್ಲದಿದ್ದರೆ ಅದಕ್ಕೆ ಸಿಟ್ಟು ಬರುತ್ತದೆ."

ಸೂಜಮ್ಮನ ನಗು ಅಲ್ಲಿಗೇ ನಿಂತಿತು. ಕತ್ತರಿಸಿಕೊಂಡುಹೋದ ಚೌಕಗಳಲ್ಲಿ ಏನಿತ್ತೆಂಬುದು ಈಗ ಹೊಳೆಯಿತು. ಯಾವುದೋ ಮಗು ನಾಯಿಗಳ ಚಿತ್ರಗಳನ್ನೆಲ್ಲ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿರಬೇಕು. ಡಾಕ್ಟರು ಇನ್ನೆರಡು ಪುಟ ತಿರುವಿ, ಒಂದು ಕಡೆ ಫೋನು ಹಿಡಿದು ಓದಿಕೊಂಡರು. ಅದೇನಿತ್ತೋ, ಬಾಯಿಬಿಟ್ಟು ಹೇಳಲಿಲ್ಲ. ಮೇಜಿನ ಮೇಲಿದ್ದ ಚೀಲವನ್ನೊಮ್ಮೆ ನೋಡಿ, ಅರ್ಧ ತಿಂದ ಬಿಸ್ಕತ್ತನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು. ಪಾಪ, ಅವರಿಗೂ ನನ್ನಷ್ಟೇ ಆಘಾತವಾಗಿದೆ ಎಂದುಕೊಂಡಳು ಸೂಜಮ್ಮ.

ಆದರೆ ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು ಬೇರೆ ಕಾರಣಕ್ಕೆ. ಮರುದಿನವೇ ದಾರಮ್ಮನ ಶಾಲೆಯ ವಾರ್ಷಿಕೋತ್ಸವ. ಮುಖ್ಯ ಅತಿಥಿ ಇದೇ ಡಾಕ್ಟರು. ದಾರಮ್ಮ ಆ ಟೋಪಿಯಲ್ಲೇ ವೇದಿಕೆ ಹತ್ತುವವಳು. ಹೇಳದಿದ್ದರೆ ಊರೆದುರು ಗೆಳತಿಯ ಮಾನ ಹೋಗುತ್ತದೆ. ಹೇಳಿದರೆ ಗೆಳತಿಯೇ ಹೋಗುತ್ತಾಳೆ. ಹಿಂದೊಮ್ಮೆ ಪರದೆಯ ಅಂಚು ಸೊಟ್ಟಗಿದೆ ಅಂದದ್ದಕ್ಕೆ ದಾರಮ್ಮ ಒಂದು ಬೇಸಿಗೆ ಪೂರ್ತಿ ಮಾತು ಬಿಟ್ಟಿದ್ದಳು. ಆ ಬೇಸಿಗೆಯ ಶನಿವಾರಗಳಲ್ಲಿ ಸೂಜಮ್ಮ ಒಬ್ಬಳೇ ಕೂತು ಗುಂಡಿ ಎಣಿಸಿದ್ದಳು. ಉಳಿದದ್ದು ಒಂದೇ ದಾರಿ, ಕಳ್ಳತನ.

ಸಂಜೆ ಬಿಸಿ ಬಿಸಿ ಕೇಕಿನೊಂದಿಗೆ ಎದುರುಮನೆಗೆ ಹೋದಳು.

"ಟೋಪಿ ಕೊಡೆ, ಗೊಂಡೆ ಸಡಿಲಾಗಿದೆ, ಬಿಗಿ ಮಾಡಿ ಕೊಡ್ತೀನಿ."

"ಗಟ್ಟಿಯಾಗೇ ಇದೆ" ಎಂದು ದಾರಮ್ಮ ಗೊಂಡೆ ಹಿಡಿದು ಜಗ್ಗಿ ತೋರಿಸಿದಳು.

"ಒಗೆದಾದ್ರೂ ಕೊಡ್ತೀನಿ."

"ನಿನ್ನೆ ತಾನೇ ಒಗೆದೆ. ಏನೇ ಇವತ್ತು ಟೋಪಿ ಮೇಲೆ ಇಷ್ಟೊಂದು ಅಕ್ಕರೆ?"

ದಾರಮ್ಮ ಚಹಾ ತರಲು ಒಳಗೆ ಹೋದಾಗ ಸೂಜಮ್ಮ ಸರಕ್ಕನೆ ಟೋಪಿಯೆತ್ತಿ ಸೊಂಟದ ಚೀಲದೊಳಗೆ ತುರುಕಿದಳು. ಗೊಂಡೆ ಹೊರಗೇ ಉಳಿಯಿತು. ಅಷ್ಟರಲ್ಲಿ ದಾರಮ್ಮ ಲೋಟಗಳೊಂದಿಗೆ ಬಂದೇಬಿಟ್ಟಳು.

"ಅಯ್ಯಯ್ಯೋ, ಆ ಚೀಲದೊಳಗೆ ಮಾತ್ರ ಹಾಕ್ಬೇಡ ಕಣೆ" ಎಂದು ಚೀರಿ, ಟೋಪಿಯನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಕಳ್ಳತನ ಕಂಡೂ ಯಾಕೆಂದು ಕೇಳಲಿಲ್ಲ. ನಾನು ಹೆಣೆದ ಟೋಪಿಯ ಮೇಲೆ ಎಷ್ಟು ಪ್ರಾಣ ಇಟ್ಟುಕೊಂಡಿದ್ದಾಳೆ ಎಂದುಕೊಂಡಳು ಸೂಜಮ್ಮ. ಸೋತು ಮನೆಗೆ ಬಂದಳು.

"ಸತ್ಯ ಹೇಳ್ಬಿಡು" ಎಂದರು ಯಜಮಾನರು, ತಮ್ಮ ಕೋಟಿನ ಜೇಬುಗಳಲ್ಲಿ ಕೈಯಿಟ್ಟುಕೊಂಡು. ಅವರ ಕೋಟಿನ ಸತ್ಯವನ್ನು ಮಾತ್ರ ಅವಳಿನ್ನೂ ಹೇಳಿರಲಿಲ್ಲ. ಒಂದು ದಿನಕ್ಕೆ ಒಂದು ಸತ್ಯ ಸಾಕು.

ಶನಿವಾರ ಶಾಲೆಯಲ್ಲಿ ವೇದಿಕೆಯ ಹಿಂದಿನ ತರಗತಿಯಲ್ಲಿ ದಾರಮ್ಮ ಕನ್ನಡಿಯ ಮುಂದೆ ಟೋಪಿಯ ದಾರ ಕಟ್ಟುತ್ತಿದ್ದಳು. ಹೊರಗೆ ಮಕ್ಕಳ ಗದ್ದಲ. ಸೂಜಮ್ಮ ಬಾಗಿಲು ಹಾಕಿದಳು.

"ಅದನ್ನ ಹಾಕ್ಕೋಬೇಡ ಕಣೆ. ಅದು ನಾಯಿ ಟೋಪಿ. ವಯಸ್ಸಾದ ನಾಯೀದು. ಬೇಕಾದ್ರೆ ಬೈಯಿ, ಹೊಡಿ, ಮಾತು ಮಾತ್ರ ಬಿಡ್ಬೇಡ."

ದಾರಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿದಳು. "ಗೊತ್ತು."

"ಏನು ಗೊತ್ತು?"

"ನಾಯೀದು ಅಂತ. ವಯಸ್ಸಾದ್ದು ಅಂತ ಗೊತ್ತಿರ್ಲಿಲ್ಲ."

ಸೂಜಮ್ಮ ಅಲ್ಲೇ ಇದ್ದ ಮಕ್ಕಳ ಬೆಂಚಿನ ಮೇಲೆ ಕೂತಳು. "ಯಾವಾಗಿಂದ?"

"ಹೋದ ಚಳಿಗಾಲದಿಂದ. ನಮ್ಮ ಕಂಪ್ಯೂಟರ್ ಮೇಷ್ಟ್ರು ಫೋನು ಹಿಡಿದು ಆ ಪುಸ್ತಕ ಓದಿ ಹೇಳಿದ್ರು."

"ಗೊತ್ತಿದ್ದೂ ದಿನಾ ಹಾಕ್ಕೊಂಡ್ಯಾ?"

"ಬೆಚ್ಚಗಿತ್ತು. ಅದಲ್ದೆ ನೀನು ಹೆಣೆದಿದ್ದು" ಎಂದಳು ದಾರಮ್ಮ, ತುಸು ಬಿಗುಮಾನದಿಂದ.

ಸೂಜಮ್ಮನ ಕಣ್ಣು ತುಂಬಿ ಬಂತು. ಇಂಥ ಗೆಳತಿ ಯಾರಿಗಿದ್ದಾಳು ಎಂದು ಹೃದಯ ಉಬ್ಬಿತು. ಮೂಗು ಒರೆಸಿಕೊಳ್ಳುವಾಗ, ಅವಳ ಚೂಪು ಬುದ್ಧಿ ಸುಮ್ಮನಿರಬಾರದೇ, ಒಂದು ಪ್ರಶ್ನೆ ಹುಟ್ಟಿಸಿತು.

"ಅಲ್ವೇ, ನೀನ್ಯಾಕೆ ಮೇಷ್ಟ್ರ ಹತ್ರ ಓದಿಸೋಕೆ ಹೋದೆ?"

ದಾರಮ್ಮ ಓಲೆ ತಿರುಗಿಸತೊಡಗಿದಳು. "ನಿನ್ನ ಚೀಲಕ್ಕೆ ಪ್ಲಾಸ್ಟಿಕ್ ಅಸ್ತರು ಯಾಕಪ್ಪಾ ಅಂತ ಆಮೇಲೆ ಅನುಮಾನ ಬಂತು."

"ಏನಂತೆ?"

"ಬೇಡ ಬಿಡೆ."

"ಹೇಳೆ."

"ನಾಯೀನ ವಾಕಿಂಗ್ ಕರ್ಕೊಂಡು ಹೋದಾಗ, ದಾರೀಲಿ ಅದು ಮಾಡಿದ್ದನ್ನ ಎತ್ಕೊಂಡು ಬರೋ ಚೀಲ."

ಸೂಜಮ್ಮ ಸೊಂಟದಲ್ಲಿ ನೇತಾಡುತ್ತಿದ್ದ ಚೀಲವನ್ನು ನೋಡಿದಳು. ಅದರ ತುಂಬ ಬಿಸ್ಕತ್ತಿತ್ತು.

"ನನಗೆ ಗೊತ್ತಾಗೋ ಹೊತ್ತಿಗೆ ನೀನು ಅದರಲ್ಲಿ ಊರಿಗೆಲ್ಲ ಬಿಸ್ಕತ್ತು ಹಂಚಾಗಿತ್ತು. ಹೇಗೆ ಹೇಳ್ಲಿ? ನೀನು ಮಾತು ಬಿಟ್ರೆ ನನ್ನ ಶನಿವಾರದ ಗತಿಯೇನು? ನೀನು ಅದನ್ನ ಹೊತ್ಕೊಂಡು ತಿರುಗೋವಾಗ ನಾನೂ ಇದನ್ನ ಹಾಕ್ಕೊಂಡ್ರೆ ಸರಿಸಮ ಆಗುತ್ತೆ ಅಂತ ಸಮಾಧಾನ ಮಾಡ್ಕೊಂಡೆ. ಅದೂ ಅಲ್ದೆ, ಅದರಲ್ಲಿ ಹೊಸ ಬಿಸ್ಕತ್ತು ಬಿಟ್ಟು ಬೇರೇನೂ ಹಾಕಿಲ್ವಲ್ಲ."

"ಅದಕ್ಕೇನೇ ನೀನು ಯಾವಾಗ್ಲೂ ನಂಗೆ ಬಿಸ್ಕತ್ತು ಡಬ್ಬಿಯಿಂದಲೇ ಕೊಡು ಅಂತಿದ್ದೆ."

"ಹೂಂ."

ಸೂಜಮ್ಮನಿಗೆ ಡಾಕ್ಟರು ಕೈ ತೊಳೆದದ್ದು ನೆನಪಾಯಿತು. ಅಷ್ಟು ಹೊತ್ತು ಯಾಕೆ ತೊಳೆದರೆಂಬುದೂ ತಿಳಿಯಿತು. ಏನಾದರೂ ಮಾಡೋಣವೆಂದರೆ ಅಷ್ಟರಲ್ಲಿ ಹೊರಗೆ ಮೈಕು ಗುಟುರು ಹಾಕಿತು. "ಈಗ ನಮ್ಮ ಹೆಡ್‌ಮಿಸ್ಸವರ ಆತ್ಮೀಯ ಗೆಳತಿ, ತಾವೇ ಮಾಡಿದ ಬಿಸ್ಕತ್ತಿನಿಂದ ಮುಖ್ಯ ಅತಿಥಿಗಳ ಬಾಯಿ ಸಿಹಿ ಮಾಡಲಿದ್ದಾರೆ." ಕಾರ್ಯಕ್ರಮದಲ್ಲಿ ಇದನ್ನು ಸೇರಿಸಲೇಬೇಕೆಂದು ಹಟ ಹಿಡಿದಿದ್ದವಳು ಸ್ವತಃ ಸೂಜಮ್ಮನೇ. ದಾರಮ್ಮ ಎರಡೂ ಕಿವಿಗಳನ್ನು ಹೊರಗೆಳೆದುಕೊಂಡು, ಗೆಳತಿಯ ಕೈ ಹಿಡಿದು ವೇದಿಕೆಗೆ ನಡೆದಳು.

ಡಾಕ್ಟರು ಟೋಪಿಯನ್ನು ನೋಡಿದರು. ಚೀಲವನ್ನು ನೋಡಿದರು. ಆಮೇಲೆ ಮೇಲಿನ ಫ್ಯಾನನ್ನೇ ನೋಡುತ್ತ ನಿಂತರು. ಸೂಜಮ್ಮ ಮುಚ್ಚಳ ತೆಗೆದೊಡನೆ ಅವರು ಮೈಕನ್ನು ಕಸಿದುಕೊಂಡು, ಸಿಹಿ ತಿಂಡಿಯಿಂದ ಹಲ್ಲಿಗಾಗುವ ಅನಾಹುತಗಳ ಕುರಿತು ಭಾಷಣ ಶುರು ಮಾಡಿದರು. ಮಕ್ಕಳು ಆಕಳಿಸಿದರು. ತೆರೆದ ಚೀಲ ಹಿಡಿದು ಸೂಜಮ್ಮ ಅವರೆದುರು ಹಾಗೆಯೇ ನಿಂತಿದ್ದಳು. ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ.

ಹೆಂಡತಿಯ ಮುಖ ನೋಡಿ ಮರುಗಿದವರು ಇಡೀ ಸಭೆಯಲ್ಲಿ ಒಬ್ಬರೇ. ಯಜಮಾನರು ಬೆನ್ನ ಮೇಲಿನ ಗುಂಡಿಗಳನ್ನು ಸಭೆಗೆ ತೋರಿಸುತ್ತ ವೇದಿಕೆ ಹತ್ತಿದರು. ಜೇಬಿನಿಂದ ಕೈ ತೆಗೆದು, ಒಂದಾದ ಮೇಲೊಂದರಂತೆ ಬಿಸ್ಕತ್ತು ಬಾಯಿಗೆ ಹಾಕಿಕೊಂಡರು.

"ಅದೇನೋ ಕಣೆ" ಎಂದರು ಬಾಯಿ ತುಂಬಿಕೊಂಡು, ಡಾಕ್ಟರು ಹಿಡಿದಿದ್ದ ಮೈಕಿಗೂ ಕೇಳುವಂತೆ. "ಡಬ್ಬೀದು ಇಷ್ಟು ರುಚಿ ಇರಲ್ಲ. ಈ ಚೀಲದಲ್ಲಿಟ್ರೇನೇ ಅದಕ್ಕೊಂದು ಘಮ ಬರೋದು."