ಗಟ್ಟಿ ರಕ್ತ

ತನ್ನ ರಕ್ತದ ಗುಂಪು ‘ಎ’ ಎಂದು ಬಾಯಿಬಿಟ್ಟಿದ್ದೇ ಕಡ್ಡಿ ಮಾಡಿದ ತಪ್ಪು.

ಅಚ್ಚುಕೂಟದಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ, ಅಷ್ಟು ಸಣಕಲ. ಅವನೂ ಗುಂಡನೂ ಕಾಗದ ಕತ್ತರಿಸುವ ಯಂತ್ರದಲ್ಲಿ ಕೆಲಸ ಕಲಿಯುತ್ತಿದ್ದರು. ಹಿಂದೆ ಇದ್ದವನೊಬ್ಬ ತಲೆಸುತ್ತಿ ಯಂತ್ರದ ಮೇಲೆಯೇ ಬಿದ್ದಿದ್ದರಿಂದ, ಮೈಯಲ್ಲಿ ರಕ್ತ ಇದ್ದವರಿಗೆ ಮಾತ್ರ ಕೆಲಸ ಖಾಯಂ ಎಂದು ಯಜಮಾನರು ಹಟ ಹಿಡಿದಿದ್ದರು. ಇವತ್ತೇ ಆಸ್ಪತ್ರೆಯ ನರ್ಸಮ್ಮ ಬಂದು ರಕ್ತ ಪರೀಕ್ಷೆ ಮಾಡುವ ದಿನ. ಖಾಯಂ ಆದರೆ ಅಮ್ಮ ಕಂಡವರ ಮನೆಯ ಪಾತ್ರೆ ತಿಕ್ಕುವುದನ್ನು ಬಿಡಿಸಬೇಕು ಎಂಬುದೊಂದೇ ಕಡ್ಡಿಯ ಆಸೆ.

“ಎ ಗುಂಪಾ? ಮುಗೀತು ಬಿಡು,” ಎಂದರು ಕರಡು ತಿದ್ದುವ ಮೇಷ್ಟ್ರು. “ಎ ಅಂದ್ರೆ ಹುಟ್ಟಿನಿಂದಲೇ ರಕ್ತ ಕಮ್ಮಿ. ಓ ಗುಂಪಿನವರದು ನೋಡು, ಗಟ್ಟಿ ರಕ್ತ. ನಮ್ಮ ಗುಂಡ ಇಲ್ವಾ?”

ಬೈಂಡಿಂಗ್ ಅಕ್ಕ ಕಡ್ಡಿಯ ಕಣ್ಣಿನ ರೆಪ್ಪೆ ಎಳೆದು ನೋಡಿ ಲೊಚಗುಟ್ಟಿದಳು. “ಅಯ್ಯೋ ಪಾಪ, ಸುಣ್ಣ ಬಳಿದ ಹಾಗಿದೆ.”

ಮಧ್ಯಾಹ್ನದ ಹೊತ್ತಿಗೆ ಕಡ್ಡಿಗೆ ನಿಜವಾಗಿಯೂ ತಲೆ ಸುತ್ತತೊಡಗಿತು. ಆಗ ಗುಂಡ ಅವನನ್ನು ಮೂಲೆಗೆ ಕರೆದ.

“ನರ್ಸಮ್ಮನಿಗೆ ನಮ್ಮ ಮುಖ ಗೊತ್ತಿಲ್ಲ ಕಣೋ. ನಿನ್ನ ಹೆಸರು ಕೂಗಿದಾಗ ನಾನು ಬೆರಳು ಕೊಡ್ತೀನಿ. ನನ್ನ ಹೆಸರಿಗೆ ನೀನು ಹೋಗು. ಫೇಲಾದ್ರೆ ನಾನಾಗ್ಲಿ, ನಂಗೆ ಮಾವನ ಅಂಗಡಿ ಇದೆ.”

ಕಡ್ಡಿಯ ಕಣ್ಣು ತುಂಬಿ ಬಂತು. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದುಕೊಂಡ.

ಇಬ್ಬರೂ ಹಾಗೆಯೇ ಬೆರಳು ಚುಚ್ಚಿಸಿಕೊಂಡರು. ನರ್ಸಮ್ಮ ಯಜಮಾನರ ಕೋಣೆಗೆ ಹೋಗಿ ಫಲಿತಾಂಶ ಹೇಳಿದಳು: ಗುಂಡನ ಹೆಸರಿನ ರಕ್ತ ಭೇಷಾಗಿದೆ, ಕಡ್ಡಿಯ ಹೆಸರಿನದು ತೀರಾ ಕಮ್ಮಿ.

“ಎ ಗುಂಪಲ್ವಾ, ನಾನು ಹೇಳಿರ್ಲಿಲ್ವಾ?” ಎಂದು ಮೇಷ್ಟ್ರು ಬಾಗಿಲಲ್ಲೇ ಬೀಗಿದರು.

“ಗುಂಪಿಗೂ ರಕ್ತಹೀನತೆಗೂ ಏನ್ರೀ ಸಂಬಂಧ? ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾದ್ರೆ ಯಾವ ಗುಂಪಿನವರಿಗಾದ್ರೂ ಬರುತ್ತೆ,” ಎಂದು ನರ್ಸಮ್ಮ ಚೀಲ ಎತ್ತಿಕೊಂಡು ಹೊರಟಳು.

ಭೇಷಾದ ರಕ್ತ ತನ್ನದೇ ಎಂದು ಬಾಗಿಲ ಬಳಿ ನಿಂತಿದ್ದ ಕಡ್ಡಿಗೆ ಆಗ ಹೊಳೆಯಿತು. ನಿಜ ಹೇಳಿದರೆ ಮೋಸ ಮಾಡಿದವನೆಂದು ಇನ್ನೆಂದೂ ಆ ಹೊಸಿಲು ತುಳಿಯುವ ಹಾಗಿಲ್ಲ. ಹೇಳದಿದ್ದರೆ ಅಮ್ಮನ ಕೈಗೆ ನಾಳೆಯೂ ಅದೇ ಪಾತ್ರೆ.

ಯಜಮಾನರು ಕರುಣೆಯಿಂದ ಅವನ ಬೆನ್ನು ತಟ್ಟಿದರು. “ಮನೇಲಿದ್ದು ಚೆನ್ನಾಗಿ ತಿಂದು ಮೈ ನೋಡ್ಕೊಳಪ್ಪ. ಮುಂದೆ ನೋಡೋಣ. ಗುಂಡ, ಇವನಿಗೆ ನಿಶ್ಶಕ್ತಿ, ಮನೆ ತನಕ ಬಿಟ್ಟು ಬಾ.”

ಮೆಟ್ಟಿಲಿಳಿಯುವಾಗ ಧೊಪ್ಪೆಂದು ಕುಸಿದದ್ದು ಗುಂಡ. ಕಡ್ಡಿ ಬೈಯುತ್ತಲೇ ಆ ಹೆಣಭಾರವನ್ನು ಬೆನ್ನಿಗೇರಿಸಿಕೊಂಡು ಬೀದಿಗಿಳಿದ. ತಿರುವು ದಾಟಿದ ಮೇಲೆ ಗುಂಡ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದ:

“ನಂಗೆ ಮೊದಲಿಂದ್ಲೂ ಹೀಗೇ ಕಣೋ. ಯಾರಿಗೂ ಹೇಳ್ಬೇಡ, ಕೆಲಸ ಹೋಗುತ್ತೆ.”